ಹೊಸ ಹೋಟೆಲು, ಹಳೆಯ ಪಂಕ್ತಿ

ಬೆಂಗಳೂರಿನಲ್ಲಿ ಶನಿವಾರ ಹತ್ತಿರವಾಯಿತೆಂದರೆ ‘ಈ ವಾರ ಎಲ್ಲಿಗೆ ಹೋಗೋಣ, ಏನು ತಿನ್ನೋಣ’ ಎಂಬ ಪ್ರಶ್ನೆಗೆ ಉತ್ತರ ಹೇಳಲು ಸಾವಿರ ಜನ ಸಿದ್ಧರಾಗಿ ನಿಂತಿರುತ್ತಾರೆ. ಪತ್ರಿಕೆಗಳ ಪುರವಣಿಯಲ್ಲಿ ಒಂದು ಪುಟ ಅದಕ್ಕೇ ಮೀಸಲು. ಫೋನು ತೆರೆದರೆ ಪ್ರತಿ ಹೋಟೆಲಿಗೂ ನಕ್ಷತ್ರಗಳ ಅಂಕಪಟ್ಟಿ. ಹತ್ತಿಪ್ಪತ್ತು ಜನರಿಂದ ಶುಲ್ಕ ಪಡೆದು ಗಲ್ಲಿಗಲ್ಲಿ ಸುತ್ತಿಸಿ ತಿನ್ನಿಸುವ ‘ಫುಡ್ ವಾಕ್’ಗಳಿವೆ. ದೋಸೆ ಮುರಿದು, ಚಟ್ನಿಗೆ ಅದ್ದಿ, ಕಣ್ಣು ಮುಚ್ಚಿ ತಲೆಯಾಡಿಸಿ ಅರ್ಧ ನಿಮಿಷದಲ್ಲಿ ತೀರ್ಪು ಕೊಡುವ ರೀಲ್‌ಗಳಿವೆ. ಇವೆಲ್ಲ ಸೇರಿ ಈಗ ಒಂದು ಬರವಣಿಗೆಯ ಪ್ರಕಾರವೇ ಆಗಿಬಿಟ್ಟಿದೆ. ಕಥೆ, ಕವಿತೆ, ನಾಟಕ, ಸಿನಿಮಾ ಎಲ್ಲವನ್ನೂ ನಾವು ವಿಮರ್ಶೆಗೆ ಒಡ್ಡುತ್ತೇವೆ. ಈ ಹೋಟೆಲು ಬರಹ ಮಾತ್ರ ಎಲ್ಲವನ್ನೂ ವಿಮರ್ಶಿಸುತ್ತಾ ತಾನು ಯಾರ ವಿಮರ್ಶೆಗೂ ಸಿಗದೆ ಬೆಳೆಯುತ್ತಿದೆ. ಇದನ್ನು ಸ್ವಲ್ಪ ಗಂಭೀರವಾಗಿ ಓದುವ ಅಗತ್ಯವಿದೆ. ಯಾಕೆಂದರೆ ಇವತ್ತು ರಾಯಚೂರಿನಿಂದಲೋ ಭಟ್ಕಳದಿಂದಲೋ ಕೆಲಸ ಹುಡುಕಿಕೊಂಡು ಬಂದ ಹುಡುಗ ಹುಡುಗಿಯರಿಗೆ ಈ ನಗರವನ್ನು ಪರಿಚಯಿಸುತ್ತಿರುವುದು ಚರಿತ್ರೆಯ ಪುಸ್ತಕಗಳಲ್ಲ, ಕಾದಂಬರಿಗಳೂ ಅಲ್ಲ. ಈ ಬರಹಗಳೇ.

ನಾವು ತಿನ್ನುವುದರ ವಿರೋಧಿಗಳಲ್ಲ. ಒಳ್ಳೆಯ ಖುಷ್ಕಾ ಸಿಗುತ್ತದೆಂದರೆ ಎರಡು ಬಸ್ಸು ಬದಲಿಸಿ ಹೋಗುವ ಜಾಯಮಾನದವರೇ. ಹೊಸ ಜಾಗವನ್ನು ಕಂಡುಕೊಂಡಾಗಿನ ಸಂತೋಷ, ಅದನ್ನು ನಾಲ್ಕು ಜನರಿಗೆ ಹೇಳಿಕೊಳ್ಳುವ ಆತುರ ಎರಡೂ ಸಹಜವಾದವು. ಪ್ರಶ್ನೆ ಇರುವುದು ಈ ಬರಹಗಳು ಏನನ್ನು ಕಾಣುತ್ತವೆ, ಏನನ್ನು ಕಾಣುವುದಿಲ್ಲ ಎಂಬುದರ ಬಗ್ಗೆ.

ಇವುಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ: ‘ಬಚ್ಚಿಟ್ಟ ರತ್ನ’. ಶಿವಾಜಿನಗರದ ಗಲ್ಲಿಯ ಕಬಾಬಿನ ಅಂಗಡಿ ಬಚ್ಚಿಟ್ಟ ರತ್ನ, ಕಾಟನ್‌ಪೇಟೆಯ ಮಿಲಿಟರಿ ಹೋಟೆಲು ಬಚ್ಚಿಟ್ಟ ರತ್ನ. ಯಾರು ಬಚ್ಚಿಟ್ಟರು? ಯಾರಿಂದ? ಆ ಅಂಗಡಿಯ ಮುಂದೆ ಮೂರು ತಲೆಮಾರಿನಿಂದ ಹಮಾಲಿಗಳು, ಆಟೋದವರು, ಗುಜರಿಯವರು ನಿಂತು ತಿಂದಿದ್ದಾರೆ. ಹಗಲಲ್ಲೇ ಒಲೆ ಉರಿಯುತ್ತಿತ್ತು, ರಸ್ತೆಗೆಲ್ಲ ವಾಸನೆ ಹರಡುತ್ತಿತ್ತು. ಅದು ಯಾರಿಗೂ ಮುಚ್ಚಿರಲಿಲ್ಲ. ಕೆಲವರು ಆ ಕಡೆ ಬರುತ್ತಿರಲಿಲ್ಲ, ಅಷ್ಟೆ. ಹಾಗೆ ಬಾರದವರು ಒಂದು ದಿನ ಬಂದರೆ ಅದು ‘ಶೋಧ’ವಾಗುತ್ತದೆ. ಅಷ್ಟು ವರ್ಷ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಬರಹ ಕೇಳಿಕೊಳ್ಳುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ. ಹೋಟೆಲಿನ ಬಗ್ಗೆ ಬರೆಯುವವರು ನಾಲಿಗೆಯ ಲೆಕ್ಕ ಇಡುತ್ತಾರೆ, ಪಂಕ್ತಿಯ ಲೆಕ್ಕ ಇಡುವುದಿಲ್ಲ. ತಟ್ಟೆಯಲ್ಲಿ ಏನಿತ್ತು ಎಂದು ಬರೆಯುತ್ತಾರೆ, ಪಕ್ಕದಲ್ಲಿ ಯಾರಿದ್ದರು ಎಂದು ಬರೆಯುವುದಿಲ್ಲ.

ನಮ್ಮ ನಾಡಿನಲ್ಲಿ ಹೋಟೆಲು ಎಂಬುದು ಮೊದಲಿಗೆ ರುಚಿಯ ಪ್ರಶ್ನೆಯೇ ಆಗಿರಲಿಲ್ಲ. ಮನೆಯ ಹೊರಗೆ ಬೇಯಿಸಿದ್ದನ್ನು ದುಡ್ಡು ಕೊಟ್ಟು ತಿನ್ನುವಾಗ ಅಡುಗೆ ಮಾಡಿದವನು ಯಾರು, ಬಡಿಸಿದವನು ಯಾರು, ಪಕ್ಕದಲ್ಲಿ ಕುಳಿತವನು ಯಾರು ಎಂಬುದು ದೊಡ್ಡ ಆತಂಕವಾಗಿತ್ತು. ಆದ್ದರಿಂದಲೇ ಹೋಟೆಲಿನ ಬೋರ್ಡು ತಿಂಡಿಯ ಹೆಸರಿಗಿಂತ ಮೊದಲು ಜಾತಿಯ ಹೆಸರನ್ನು ಹೇಳುತ್ತಿತ್ತು. ಇವತ್ತು ಎಲ್ಲ ಪಟ್ಟಿಗಳ ನೆತ್ತಿಯ ಮೇಲೆ ಕೂರುವ ಎಂ.ಟಿ.ಆರ್. 1924ರಲ್ಲಿ ಶುರುವಾದದ್ದು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಿಂದ. ಲಾಲ್‌ಬಾಗ್ ರಸ್ತೆಗೆ ಬಂದು ಅದು ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ಆ ಕಾಲದಲ್ಲಿ ಇಂಥ ಹೆಸರುಗಳು ದಕ್ಷಿಣ ಭಾರತದ ಎಲ್ಲ ಪಟ್ಟಣಗಳಲ್ಲೂ ಇದ್ದವು. ಮದರಾಸಿನ ಟ್ರಿಪ್ಲಿಕೇನಿನ ಹೋಟೆಲೊಂದು ಬೋರ್ಡಿನಲ್ಲಿ ಬರೆಸಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ಅಳಿಸಬೇಕೆಂದು ಪೆರಿಯಾರ್ 1957ರಲ್ಲಿ ತಿಂಗಳುಗಟ್ಟಲೆ ಚಳವಳಿ ನಡೆಸಿದರು. ನೂರಾರು ಜನ ಬಂಧನಕ್ಕೊಳಗಾದರು. ಒಂದು ಇಡ್ಲಿಯ ಅಂಗಡಿಯ ಬೋರ್ಡಿಗೆ ಇಷ್ಟೊಂದು ಜಗಳವೇ ಎಂದು ಇವತ್ತಿನವರು ನಗಬಹುದು. ಆದರೆ ಬೋರ್ಡು ಓದಲು ಬಾರದವನಿಗೂ ಆಗ ಅದರ ಅರ್ಥ ಗೊತ್ತಿರುತ್ತಿತ್ತು: ಇದು ನಿನಗಲ್ಲ.

ಮಿಲಿಟರಿ ಹೋಟೆಲು ಎಂಬ ಹೆಸರಿನದೂ ಹೀಗೇ ಒಂದು ಕಥೆ. ಮರಾಠಾ ಮನೆತನದವರು ಹೆಚ್ಚಾಗಿ ನಡೆಸಿಕೊಂಡು ಬಂದ ಈ ಮಾಂಸದೂಟದ ಹೋಟೆಲುಗಳಿಗೆ ಆ ಹೆಸರು ಹೇಗೆ ಬಂತೆಂಬುದಕ್ಕೆ ನಾಲ್ಕಾರು ವಿವರಣೆಗಳಿವೆ. ಎಲ್ಲದರ ಸಾರ ಒಂದೇ: ಇಲ್ಲಿ ಮಾಂಸ ಬೇಯುತ್ತದೆ, ಗೊತ್ತಿದ್ದು ಒಳಗೆ ಬನ್ನಿ. ಕೆಲವು ಕಡೆ ‘ಹಿಂದೂ ಮಿಲಿಟರಿ ಹೋಟೆಲ್’ ಎಂದೂ ಬರೆಸುತ್ತಿದ್ದರು. ಅಂದರೆ ಇದು ಸಾಬರ ಹೋಟೆಲಲ್ಲ ಎಂದು. ನಮ್ಮವರ ಹೋಟೆಲುಗಳ ಗೋಡೆಯ ಮೇಲೆ ಮಕ್ಕಾ ಮದೀನಾದ ಚಿತ್ರ, 786 ಎಂಬ ಅಂಕಿ ಇರುತ್ತಿತ್ತು. ಅದೂ ಒಂದು ಬೋರ್ಡೇ. ಒಂದೇ ರಸ್ತೆಯಲ್ಲಿ ಮೂರು ಹೋಟೆಲು, ಮೂರು ಬೋರ್ಡು, ಮೂರು ಲೋಕ.

ಇದರ ಮೇಲೆ ಬೆಂಗಳೂರು ಒಂದೇ ಊರಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದ ಮೇಲೆ ಪೇಟೆ ಒಂದು ಊರು, ದಂಡು ಇನ್ನೊಂದು ಊರು. ಅತ್ತ ಕನ್ನಡ, ತೆಲುಗು, ಮರಾಠಿ. ಇತ್ತ ಉರ್ದು, ತಮಿಳು, ಇಂಗ್ಲಿಷು. ಎರಡಕ್ಕೂ ಸೇರಿ ಒಂದೇ ಮಹಾನಗರಪಾಲಿಕೆ ಆದದ್ದು 1949ರಲ್ಲಿ. ಕಡತದಲ್ಲಿ ಕೂಡಿದ ಊರುಗಳು ನಾಲಿಗೆಯಲ್ಲಿ ಕೂಡಲು ಇನ್ನಷ್ಟು ದಶಕ ಬೇಕಾದವು. ಬಸವನಗುಡಿಯವರಿಗೆ ಫ್ರೇಜರ್ ಟೌನ್, ಟ್ಯಾನರಿ ರಸ್ತೆಯವರಿಗೆ ಗಾಂಧಿಬಜಾರು ಪರವೂರಿನಂತೆಯೇ ಇದ್ದವು. ಹಾಗಾಗಿ ಇವತ್ತು ಜಯನಗರದ ಹುಡುಗಿಯೊಬ್ಬಳು ಮಾಸ್ಕ್ ರಸ್ತೆಯಲ್ಲಿ ಹಲೀಮ್ ತಿನ್ನುವುದು, ಶಿವಾಜಿನಗರದ ಹುಡುಗನೊಬ್ಬ ವಿದ್ಯಾರ್ಥಿ ಭವನದ ಸರದಿಯಲ್ಲಿ ನಿಲ್ಲುವುದು ಸಣ್ಣ ಸಂಗತಿಗಳಲ್ಲ. ಈ ದಾಟುವಿಕೆಗೆ ಹೋಟೆಲು ಬರಹಗಳೂ ಒಂದಿಷ್ಟು ನೆರವಾಗಿವೆ ಎಂಬುದನ್ನು ಒಪ್ಪಬೇಕು. ನಮ್ಮ ದೂರು ಏನೆಂದರೆ, ತಾವು ದಾಟಿಸುತ್ತಿರುವ ಗೆರೆ ಯಾವುದೆಂದು ಆ ಬರಹಗಳಿಗೇ ಗೊತ್ತಿಲ್ಲ.

ನಾವು ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ, ಆಮೇಲೆ ಕನ್ನಡ ಶಾಲೆಯ ಬೆಂಚಿಗೆ ಬಂದವರು. ಊಟದ ಬಗ್ಗೆ ಅಲ್ಲೊಂದು ಪದ, ಇಲ್ಲೊಂದು ಪದ ಸಿಕ್ಕಿತು. ಅಲ್ಲಿ ದಸ್ತರಖಾನ್, ಇಲ್ಲಿ ಪಂಕ್ತಿ. ದಸ್ತರಖಾನ್ ಎಂದರೆ ನೆಲಕ್ಕೆ ಹಾಸುವ ಬಟ್ಟೆ. ಅದರ ಸುತ್ತ ಯಾರು ಬಂದು ಕೂತರೂ ಸ್ವಲ್ಪ ಸರಿದು ಜಾಗ ಮಾಡಬೇಕು ಎಂದು ಉಸ್ತಾದರು ಹೇಳುತ್ತಿದ್ದರು. ಪಂಕ್ತಿ ಎಂದರೆ ಸಾಲು. ಅದರ ಬೆನ್ನಿಗೇ ಪಂಕ್ತಿಭೇದ ಎಂಬ ಇನ್ನೊಂದು ಪದವನ್ನೂ ಕನ್ನಡದ ಮೇಷ್ಟ್ರು ವಿವರಿಸಿದರು. ಚಿಕ್ಕಂದಿನಲ್ಲಿ ನಮಗೆ ದಸ್ತರಖಾನಿನ ಬಗ್ಗೆ ಬಹಳ ಹೆಮ್ಮೆ ಇತ್ತು. ದೊಡ್ಡವರಾಗುತ್ತಾ ಆ ಬಟ್ಟೆಗೂ ಅಂಚುಗಳಿವೆ ಎಂದು ತಿಳಿಯಿತು. ಗಂಡಸರು ಎದ್ದ ಮೇಲೆ ಉಳಿದದ್ದನ್ನು ಅಡುಗೆಮನೆಯಲ್ಲಿ ಕೂತು ಉಣ್ಣುವ ಹೆಂಗಸರು ಆ ಬಟ್ಟೆಯ ಮೇಲೆ ಇರಲಿಲ್ಲ. ಈಗಿನ ಶಾದಿಮಹಲುಗಳಲ್ಲಿ ‘ವಿ.ಐ.ಪಿ.’ಗಳಿಗೆ ಬೇರೆ ಕೋಣೆ, ಬೇರೆ ಬಡಿಸುವವರು. ಪಂಕ್ತಿಭೇದ ಎಂಬ ಪದ ಉರ್ದುವಿನಲ್ಲಿ ಇಲ್ಲದಿರಬಹುದು. ಪದವಿಲ್ಲವೆಂದ ಮಾತ್ರಕ್ಕೆ ಪದ್ಧತಿ ಇಲ್ಲವೆಂದಲ್ಲ.

ಈ ಗೆರೆಗಳ ಮೇಲೆ ದೇಶ ಒಮ್ಮೆ ಬಹಳ ಸ್ಪಷ್ಟವಾಗಿ ಮಾತಾಡಿದೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯನ್ನು ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಉಪಾಹಾರಗೃಹ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಹೋಗದಂತೆ ತಡೆಯಬಾರದು ಎಂದು ಅಲ್ಲಿದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರೂ ಇದೆ. ಒಂದು ದೊಡ್ಡ ದೇಶದ ಸಂವಿಧಾನ ತನ್ನ ಮೂಲಭೂತ ಹಕ್ಕುಗಳ ನಡುವೆ ಹೋಟೆಲಿನ ಹೆಸರು ಬರೆಯಬೇಕಾಯಿತೆಂದರೆ, ಅದನ್ನು ಬರೆದವರಿಗೆ ಹೋಟೆಲಿನ ಬಾಗಿಲಲ್ಲಿ ಏನು ನಡೆಯುತ್ತದೆಂದು ಚೆನ್ನಾಗಿ ಗೊತ್ತಿತ್ತು. ಹೋಟೆಲಿನ ವಿಮರ್ಶೆ ಬರೆಯುವವರೆಲ್ಲ ಒಮ್ಮೆ ಓದಬೇಕಾದ ಮೊದಲ ವಾಕ್ಯ ಇದು.

ಕಾನೂನು ಬಾಗಿಲು ತೆರೆಯಿತು. ಒಳಗೆ ಕೂರುವುದನ್ನು ಜನ ನಿಧಾನವಾಗಿ ಕಲಿತರು. ಈ ಕಲಿಕೆಯಲ್ಲಿ ಬೆಂಗಳೂರಿನ ಸಾಧಾರಣ ಹೋಟೆಲುಗಳ ಪಾತ್ರ ದೊಡ್ಡದು. 1943ರಲ್ಲಿ ವಿದ್ಯಾರ್ಥಿಗಳಿಗೆಂದು ಶುರುವಾದ ವಿದ್ಯಾರ್ಥಿ ಭವನದಲ್ಲಿ ಇವತ್ತಿಗೂ ಒಂದೇ ಮೇಜಿಗೆ ಗುರುತಿಲ್ಲದ ನಾಲ್ವರನ್ನು ಕೂರಿಸುತ್ತಾರೆ. ತೋಳಿನುದ್ದಕ್ಕೂ ದೋಸೆಯ ತಟ್ಟೆ ಪೇರಿಸಿಕೊಂಡು ಬರುವ ಮಾಣಿಗೆ ನಿಮ್ಮ ಕುಲಗೋತ್ರ ಕೇಳುವ ಪುರುಸೊತ್ತಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ನೌಕರರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. ಮಹಾತ್ಮ ಗಾಂಧಿ ರಸ್ತೆಯ ಆ ಕಾಫಿ ಹೌಸು 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಒಂದು ಕಪ್ ಕಾಫಿಗೆ ಎರಡು ತಾಸು ಕೂರಬಹುದಾಗಿದ್ದ ಆ ಮೇಜುಗಳ ಮೇಲೆ ಎಷ್ಟು ಕಥೆಗಳು ತಿದ್ದಿಸಿಕೊಂಡವೋ ಲೆಕ್ಕವಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಆ ಮಾದರಿ ಊರಿಡೀ ಹಬ್ಬಿತು. ಕುರ್ಚಿ ಇಲ್ಲ, ಬಡಿಸುವವರಿಲ್ಲ. ದುಡ್ಡು ಕೊಟ್ಟು ಟೋಕನ್ ಪಡೆದು, ತಟ್ಟೆ ತೆಗೆದುಕೊಂಡು, ಎದೆಮಟ್ಟದ ಮೇಜಿನ ಬಳಿ ನಿಂತು ತಿಂದು ಹೋಗುವುದು. ಕಡಿಮೆ ಜಾಗ, ಕಡಿಮೆ ಕೆಲಸಗಾರರು, ಕಡಿಮೆ ಬೆಲೆ ಎಂಬ ವ್ಯಾಪಾರದ ಲೆಕ್ಕದಿಂದ ಹುಟ್ಟಿದ ಪದ್ಧತಿ ಅದು. ಸಮಾಜ ಸುಧಾರಣೆಗೆಂದು ಹುಟ್ಟಿದ್ದಲ್ಲ. ಆದರೆ ಕೂರುವುದೇ ಇಲ್ಲವೆಂದ ಮೇಲೆ ಪಂಕ್ತಿ ಎಲ್ಲಿಯದು? ಬ್ಯಾಂಕಿನ ಮ್ಯಾನೇಜರೂ, ಅದೇ ಬ್ಯಾಂಕಿನ ಕಾವಲುಗಾರನೂ ಒಂದೇ ಮೇಜಿಗೆ ಮೊಣಕೈ ಊರಿ ಖಾರಾಬಾತು ತಿನ್ನುವಂತಾಯಿತು. ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಇನ್ನೂ ಸೊಗಸಾದ ಉದಾಹರಣೆ. ಹೆಸರು ಹಳೆಯ ಕಾಲದ್ದೇ ಉಳಿದಿದೆ. ಆದರೆ ತಿನ್ನುವವರು ನಿಲ್ಲುವುದು ಹೊರಗೆ, ಫುಟ್‌ಪಾತಿನಲ್ಲಿ. ಅಲ್ಲಿ ಬುರ್ಖಾ ತೊಟ್ಟ ತಾಯಿ ಮಗಳು ತಟ್ಟೆ ಚಾಚಿ ಎರಡನೆಯ ಸಲ ಚಟ್ನಿ ಹಾಕಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಯಾರೂ ತಿರುಗಿ ನೋಡಲಿಲ್ಲ. ಆ ಇಡ್ಲಿ ಎಷ್ಟು ಮೆದು ಎಂದು ನೂರು ಜನ ಬರೆದಿದ್ದಾರೆ. ಬೋರ್ಡಿಗೂ ಫುಟ್‌ಪಾತಿಗೂ ನಡುವೆ ನಡೆದುಹೋದ ಈ ಮೌನ ಚರಿತ್ರೆಯ ಬಗ್ಗೆ ಬರೆದವರು ಕಡಿಮೆ.

ಈಗ ನಮ್ಮ ಮೊಹಲ್ಲಾದ ಕಡೆಗೆ ಬರೋಣ. ವರ್ಷದಲ್ಲಿ ಒಂದು ತಿಂಗಳು, ರಮಝಾನಿನಲ್ಲಿ, ಹೋಟೆಲು ಬರಹಗಾರರಿಗೆ ಫ್ರೇಜರ್ ಟೌನಿನ ನೆನಪಾಗುತ್ತದೆ. ಇಫ್ತಾರಿನ ಹೊತ್ತಿನಿಂದ ನಡುರಾತ್ರಿಯವರೆಗೆ ಮಾಸ್ಕ್ ರಸ್ತೆಯ ಹೊಗೆ, ಬೆಳಕು, ಶೀಕ್ ಕಬಾಬು, ಪತ್ಥರ್ ಕಾ ಗೋಷ್ತ್, ಸಮೋಸ, 1902ರ ಆಲ್ಬರ್ಟ್ ಬೇಕರಿಯ ಖೋವಾ ನಾನ್, ಎಲ್ಲದರ ಚಿತ್ರಗಳೂ ಬರುತ್ತವೆ. ಸಂತೋಷವೇ. ಬಂದವರು ನಮ್ಮ ಅತಿಥಿಗಳು. ಆದರೆ ಆ ಬರಹಗಳನ್ನು ಸಾಲಾಗಿ ಇಟ್ಟು ಓದಿದರೆ ಮುಸ್ಲಿಮನೆಂದರೆ ಹೊಗೆಯ ಹಿಂದೆ ನಿಂತು ಕಬಾಬು ತಿರುಗಿಸುವ ಒಂದು ಕೈ ಮಾತ್ರ. ಹದಿನಾಲ್ಕು ತಾಸು ಉಪವಾಸವಿದ್ದು ಆ ಕೈ ಒಲೆಯ ಮುಂದೆ ನಿಂತಿದೆ ಎಂಬುದು ಬರುವುದಿಲ್ಲ. ಆ ಮನೆಯ ಹೆಂಗಸರು ಮಧ್ಯಾಹ್ನದಿಂದ ಸಮೋಸದ ಹಾಳೆ ಮಡಿಸುತ್ತಾ ಕೂತಿದ್ದರೆಂಬುದು ಬರುವುದಿಲ್ಲ. ಆ ರಸ್ತೆಯ ನಿವಾಸಿಗಳಿಗೆ ಗದ್ದಲ, ಕಸ, ವಾಹನಗಳ ಬಗ್ಗೆ ನ್ಯಾಯವಾದ ದೂರುಗಳಿವೆ, ಅವರಲ್ಲಿ ಮುಸ್ಲಿಮರೂ ಇದ್ದಾರೆ ಎಂಬುದು ಬರುವುದಿಲ್ಲ. ಹಬ್ಬ ಮುಗಿದ ಮರುದಿನದಿಂದ ಹನ್ನೊಂದು ತಿಂಗಳು ಆ ರಸ್ತೆ ಎಲ್ಲಿ ಹೋಗುತ್ತದೆಯೋ ಗೊತ್ತಿಲ್ಲ.

ಇನ್ನು ಬಿರಿಯಾನಿ. ಕರ್ನಾಟಕದ ಮುಸ್ಲಿಮರ ಅಡುಗೆಮನೆ ಒಂದಲ್ಲ. ಕರಾವಳಿಯ ಬ್ಯಾರಿಗಳ ಪತ್ತಿರ್ ಬೇರೆ, ಭಟ್ಕಳದ ನವಾಯತರ ಬಿರಿಯಾನಿ ಬೇರೆ, ಕಲಬುರಗಿಯ ತಹರಿ ಬೇರೆ, ದಖನಿ ಮನೆಗಳ ಬೆಳಗಿನ ಖಿಚಡಿ ಖಟ್ಟಾ ಬೇರೆ, ತಮಿಳು ಮುಸ್ಲಿಮರ ಮಸೀದಿಯಲ್ಲಿ ಹಂಚುವ ನೋಂಬು ಕಂಜಿ ಬೇರೆ. ಇತ್ತ ಬಿರಿಯಾನಿ ನಮ್ಮೊಬ್ಬರದೇ ಆಗಿಯೂ ಉಳಿದಿಲ್ಲ. ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ಈ ಊರಿನ ಸ್ವಂತ ಸೃಷ್ಟಿ. ಭಾನುವಾರ ಬೆಳಕು ಹರಿಯುವ ಮೊದಲೇ ಹೊಸಕೋಟೆಯ ಬಿರಿಯಾನಿಗೆ ನಿಲ್ಲುವ ಸರದಿಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರಿದ್ದಾರೆ. ಇಷ್ಟು ವೈವಿಧ್ಯವನ್ನು ಬಿಟ್ಟು ಮುಸ್ಲಿಮನೆಂದರೆ ಬಿರಿಯಾನಿ ಎಂದು ಹೊಗಳುವವರಿಗೂ, ಅದನ್ನೇ ಬೈಗುಳವಾಗಿ ಬಳಸುವವರಿಗೂ ನೋಟದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಇಬ್ಬರೂ ತಟ್ಟೆಯ ಆಚೆ ನೋಡಿಲ್ಲ.

ಪರರ ಕಣ್ಣಿನ ದೋಷ ಹೇಳಿ ನಮ್ಮದನ್ನು ಮುಚ್ಚಿಕೊಳ್ಳುವುದು ನ್ಯಾಯವಲ್ಲ. ನಾವು ಬೆಳೆದ ಪಟ್ಟಣದ ನಮ್ಮವರ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಂ’ ಎಂಬುದೊಂದು ಇರುತ್ತಿತ್ತು. ಮಾಸಿದ ಪರದೆ, ಒಳಗೆ ಗಾಳಿಯಿಲ್ಲದ ಗೂಡು, ಒಂದು ಮೇಜು. ಹೆಂಗಸರು ಬಂದರೆ ನೇರ ಅಲ್ಲಿಗೆ. ಫ್ಯಾಮಿಲಿ ಎಂದರೆ ಹೆಂಗಸು ಎಂದರ್ಥ. ಗಂಡಸಿಗೆ ಫ್ಯಾಮಿಲಿ ಬೇಕಿಲ್ಲ, ಅವನು ಎಲ್ಲಿ ಬೇಕಾದರೂ ಕೂರಬಹುದು. ಇವತ್ತಿಗೂ ಶಿವಾಜಿನಗರದ ಚಹಾ ಅಂಗಡಿಗಳ ಮುಂದೆ ಸಂಜೆ ಹೊತ್ತು ನಿಂತು ನೋಡಿ. ಸುಲೈಮಾನಿ ಹೀರುತ್ತಾ ರಾಜಕೀಯ ಮಾತಾಡುತ್ತಾ ನಿಂತವರಲ್ಲಿ ಹೆಣ್ಣುಮಕ್ಕಳು ಎಷ್ಟು? ರಮಝಾನಿನ ರಾತ್ರಿಗಳಲ್ಲಿ ಮಾತ್ರ ಅಮ್ಮಂದಿರು, ಅಕ್ಕಂದಿರು ಗುಂಪು ಗುಂಪಾಗಿ ರಸ್ತೆಗಿಳಿದು, ನಿಂತು ತಿಂದು, ನಗುತ್ತಾ ಮನೆಗೆ ಹೋಗುತ್ತಾರೆ. ಹನ್ನೆರಡರಲ್ಲಿ ಒಂದು ತಿಂಗಳು ಸಿಗುವ ಈ ರಸ್ತೆ ಅವರಿಗೆ ಉಳಿದ ತಿಂಗಳುಗಳಲ್ಲೂ ಯಾಕೆ ಸಿಗಬಾರದು ಎಂದು ಕೇಳಬೇಕಾದವರು ನಾವೇ.

ಹೊರಗೆ ಕೂರುವ ಹೆಣ್ಣನ್ನು ಕಂಡರೆ ಆಗದವರು ಎಲ್ಲ ಕಡೆ ಇದ್ದಾರೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದವರನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಕುಡಿತದ ಬಗ್ಗೆ ನಮ್ಮ ನಿಲುವು ಏನೇ ಇರಲಿ, ಅವತ್ತು ಬಿದ್ದ ಪೆಟ್ಟು ಕುಡಿತಕ್ಕೆ ಬಿದ್ದದ್ದಲ್ಲ. ಹೆಣ್ಣುಮಕ್ಕಳು ತಮ್ಮಿಷ್ಟದ ಜಾಗದಲ್ಲಿ ತಮ್ಮಿಷ್ಟದವರೊಂದಿಗೆ ಕೂತದ್ದಕ್ಕೆ ಬಿದ್ದದ್ದು. ಇಂಥದ್ದು ನಮ್ಮವರಿಂದ ನಡೆದಾಗಲೂ ಅದೇ ಮಾತು ಹೇಳಬೇಕು. 2023ರ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಹೋಟೆಲೊಂದರಲ್ಲಿ ಹಿಂದೂ ಗೆಳೆಯನ ಜೊತೆ ತಿಂಡಿ ತಿನ್ನುತ್ತಿದ್ದ ಮುಸ್ಲಿಂ ಹುಡುಗಿಯನ್ನು ತಡೆದು ಪೀಡಿಸಿದವರು ಮುಸ್ಲಿಂ ಹುಡುಗರು. ಅಲ್ಲಿ ಪಬ್ಬಿರಲಿಲ್ಲ, ಮದ್ಯವಿರಲಿಲ್ಲ. ಒಂದು ಮೇಜು, ಎರಡು ಕುರ್ಚಿ ಇದ್ದವು. ಅದನ್ನು ಸಹಿಸಲಾಗದವರಿಗೆ ದಸ್ತರಖಾನಿನ ಬಗ್ಗೆ ಭಾಷಣ ಮಾಡುವ ಅಧಿಕಾರ ಎಲ್ಲಿಂದ ಬರುತ್ತದೆ?

ಹೋಟೆಲು ಬರಹದಲ್ಲಿ ಕಾಣದೇ ಹೋದ ಇನ್ನೊಂದು ಪಂಕ್ತಿ ಬಡವರದು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಶುರುವಾದವು. ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಕಟ್ಟಡ ಕೆಲಸದವರು, ಪೌರಕಾರ್ಮಿಕರು, ಆಸ್ಪತ್ರೆಯ ರೋಗಿಗಳ ಮನೆಯವರು, ಹಾಸ್ಟೆಲಿನ ಹುಡುಗರು ಒಂದೇ ಸರದಿಯಲ್ಲಿ ನಿಂತರು. ಒಂದೇ ಊರಿನಲ್ಲಿ ಅಷ್ಟು ಕಡಿಮೆ ಸಮಯದಲ್ಲಿ ಅಷ್ಟು ಹೊಸ ಊಟದ ಜಾಗಗಳು ತೆರೆದದ್ದು ನಮಗೆ ನೆನಪಿಲ್ಲ. ಹೊಸ ಜಾಗಗಳನ್ನು ಹುಡುಕುತ್ತಿದ್ದವರ ಪಟ್ಟಿಯಲ್ಲಿ ಅವು ಬಂದದ್ದು ಅಪರೂಪ. ಅಲ್ಲಿನ ಗುಣಮಟ್ಟ ಕುಸಿದಾಗ, ಬಾಗಿಲು ಮುಚ್ಚಿದಾಗ ಅದು ರಾಜಕೀಯ ಸುದ್ದಿಯಾಯಿತೇ ಹೊರತು ಊಟದ ಸುದ್ದಿಯಾಗಲಿಲ್ಲ. ಮುನ್ನೂರು ರೂಪಾಯಿಯ ಕಾಫಿ ತಣ್ಣಗಿತ್ತೆಂದು ಎರಡು ಪ್ಯಾರಾ ದುಃಖಿಸುವವರು ಹತ್ತು ರೂಪಾಯಿಯ ಅನ್ನ ಸೀದಿದ್ದರೆ ಅದನ್ನೂ ಬರೆಯಬೇಕಲ್ಲವೇ? ಆ ಅನ್ನ ಉಣ್ಣುವವನಿಗೂ ನಾಲಿಗೆ ಇದೆ.

ಬಾಗಿಲಲ್ಲೇ ತಡೆಯುವ ಪದ್ಧತಿಯೂ ಹೋಗಿಲ್ಲ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಒಳ್ಳೆಯದೇ ಆಯಿತು. ಆದರೆ ಕಾವಲುಗಾರನಿಗೆ ಆ ಕಣ್ಣು ಕೊಟ್ಟವರು ಯಾರು? ‘ಒಳ್ಳೆಯ ಕ್ರೌಡ್’ ಬರುವ ಜಾಗ ಎಂದು ಹೊಗಳಿ ಹೊಗಳಿ ಬರೆದ ನಮ್ಮ ಪುರವಣಿಗಳಿಗೂ ಅದರಲ್ಲಿ ಪಾಲಿಲ್ಲವೇ? ಒಳ್ಳೆಯ ಜನ ಎಂದರೆ ಯಾರು, ಅವರು ಏನು ಉಟ್ಟಿರುತ್ತಾರೆ ಎಂದು ಆ ಪದ ಮೌನವಾಗಿ ಹೇಳಿಬಿಡುತ್ತದೆ. ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಬೋರ್ಡು ಮಾಡುತ್ತಿದ್ದ ಕೆಲಸವನ್ನು ಇವತ್ತು ಈ ಪದ ಮಾಡುತ್ತಿದೆ.

ಈ ಎಲ್ಲ ತಂಟೆಯೇ ಬೇಡವೆಂದು ಊಟ ಈಗ ಮನೆಬಾಗಿಲಿಗೇ ಬರುತ್ತಿದೆ. 2008ರಲ್ಲಿ ಬೇರೆ ಹೆಸರಿನಿಂದ ಶುರುವಾಗಿ ಆಮೇಲೆ ಜೊಮ್ಯಾಟೊ ಆದ ಕಂಪನಿ, 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿ, ಎರಡೂ ಸೇರಿ ಹೋಟೆಲನ್ನು ಫೋನಿನೊಳಗೆ ತಂದಿಟ್ಟಿವೆ. ಊರ ಯಾವ ಮೂಲೆಯ ತಿಂಡಿಯನ್ನೂ ಆ ಮೂಲೆಯ ಮುಖ ನೋಡದೆ ತಿನ್ನಬಹುದು. ಪಂಕ್ತಿಯೇ ಇಲ್ಲದ ಊಟ ಇದು, ಆದ್ದರಿಂದ ಭೇದವೂ ಇಲ್ಲ ಎಂದುಕೊಂಡರೆ ಅದು ಸುಳ್ಳು. 2019ರ ಜುಲೈ ಕೊನೆಯಲ್ಲಿ ಜಬಲ್ಪುರದ ಗ್ರಾಹಕನೊಬ್ಬ ಊಟ ತರುವವನು ಮುಸ್ಲಿಮನೆಂದು ಆರ್ಡರ್ ರದ್ದು ಮಾಡಿದ; ಊಟಕ್ಕೆ ಧರ್ಮವಿಲ್ಲ ಎಂದು ಕಂಪನಿ ದಿಟ್ಟವಾಗಿಯೇ ಉತ್ತರ ಕೊಟ್ಟಿತು. ಅದೇ ಕಂಪನಿ 2024ರ ಮಾರ್ಚಿನಲ್ಲಿ ಸಸ್ಯಾಹಾರ ಒಯ್ಯುವವರಿಗೆ ಬೇರೆ ಪಡೆ, ಹಸಿರು ಸಮವಸ್ತ್ರ ಎಂದು ಸಾರಿತು. ಟೀಕೆ ಬಂದಾಗ ಮರುದಿನವೇ ಸಮವಸ್ತ್ರ ಕೈಬಿಟ್ಟಿತು, ಬೇರೆ ಪಡೆಯನ್ನು ಉಳಿಸಿಕೊಂಡಿತು. ಕೆಂಪು ಅಂಗಿಯವನು ಬಂದರೆ ಕೆಲವು ಅಪಾರ್ಟ್‌ಮೆಂಟುಗಳ ಗೇಟಿನಲ್ಲೇ ಅವನನ್ನು ನಿಲ್ಲಿಸಬಹುದು ಎಂಬ ಭಯ ಆ ಟೀಕೆಯ ಹಿಂದಿತ್ತು. ಪಂಕ್ತಿ ಹೋಟೆಲಿನಿಂದ ಎದ್ದು ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನಿಂತಿದೆ.

ಬೋರ್ಡುಗಳೂ ಮರಳಿ ಬರುತ್ತಿವೆ. 2022ರ ಯುಗಾದಿಯ ಹೊಸತೊಡಕಿಗೆ ಮುಂಚೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ವಿರುದ್ಧ ನಡೆದ ಪ್ರಚಾರ ನೆನಪಿರಬಹುದು. ಹಲವು ಹಳ್ಳಿಗಳಲ್ಲಿ ತಲೆತಲಾಂತರದಿಂದ ಸಾಬರ ಅಂಗಡಿಯಿಂದಲೇ ಹೊಸತೊಡಕಿನ ಮಾಂಸ ಒಯ್ಯುತ್ತಿದ್ದ ಮನೆಗಳಿದ್ದವು, ಆ ವರ್ಷವೂ ಹಾಗೆಯೇ ಒಯ್ದವರಿದ್ದರು. 2024ರ ಜುಲೈನಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ಹೋಟೆಲುಗಳು ಮಾಲೀಕರ ಹೆಸರನ್ನು ಹೊರಗೆ ಬರೆಸಬೇಕೆಂಬ ಆದೇಶ ಬಂತು. ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟು, ಯಾವ ಬಗೆಯ ಊಟ ಎಂದು ಬರೆಯಿರಿ, ಹೆಸರು ಬರೆಯಲು ಬಲವಂತ ಬೇಡ ಎಂದಿತು. ಊಟದ ಬಗ್ಗೆ ತಿಳಿಯುವ ಹಕ್ಕಿಗೂ ಒಲೆಯ ಹಿಂದಿನವನ ಜಾತಕ ಕೇಳುವ ಚಟಕ್ಕೂ ಇರುವ ಅಂತರವನ್ನು ಕೋರ್ಟು ಗುರುತಿಸಿತು. ಹಸಿರು ಚುಕ್ಕೆ, ಹಲಾಲ್ ಎಂಬ ಗುರುತು, ಇವು ತಿನ್ನುವವನ ಅನುಕೂಲಕ್ಕೆ ಇರುವಷ್ಟು ಕಾಲ ಸರಿ. ಪಕ್ಕದವನನ್ನು ಎಬ್ಬಿಸಲು ಬಳಸಿದಾಗ ಅವು 1924ರ ಬೋರ್ಡುಗಳಾಗುತ್ತವೆ.

2024ರ ಮಾರ್ಚ್ 1ರಂದು ಕುಂದಲಹಳ್ಳಿಯ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿಯಿತು. ಮಧ್ಯಾಹ್ನದ ಹೊತ್ತು, ಊಟಕ್ಕೆ ಬಂದ ಜನ. ಹಲವರು ಗಾಯಗೊಂಡರು. ಅವತ್ತು ನಮಗೆ ಎರಡು ಭಯವಾಯಿತು. ಮೊದಲನೆಯದು ಎಲ್ಲರಿಗೂ ಆದ ಭಯ; ಎರಡನೆಯದು ಇಟ್ಟವರ ಹೆಸರು ಏನಿರುತ್ತದೋ ಎಂಬ, ನಮ್ಮ ಹೆಸರಿನವರಿಗೆಲ್ಲ ಆಗುವ ಭಯ. ಗುರುತಿಲ್ಲದವರು ಅಕ್ಕಪಕ್ಕ ನಿಂತು ತಿನ್ನುವ ಜಾಗದಲ್ಲಿ ಇಟ್ಟ ಬಾಂಬು ಆ ನಿಲ್ಲುವಿಕೆಯ ಮೇಲೇ ಇಟ್ಟದ್ದು. ದ್ವೇಷಿಸುವವರಿಗೆ ಹೋಟೆಲಿನ ಅರ್ಥ ಚೆನ್ನಾಗಿ ತಿಳಿದಿರುತ್ತದೆ. ಹೊಗಳುವವರಿಗೆ ತಿಳಿಯಬೇಕಾಗಿದೆ. ವಾರ ಕಳೆದು ಹೋಟೆಲು ಮತ್ತೆ ಬಾಗಿಲು ತೆರೆದಾಗ ಸರದಿ ಮೊದಲಿನಷ್ಟೇ ಉದ್ದವಾಗಿತ್ತು. ಅಲ್ಲಿನ ದೋಸೆಗೆ ಎಷ್ಟು ನಕ್ಷತ್ರ ಕೊಡಬೇಕೋ ಬಲ್ಲವರು ಕೊಡಲಿ. ಆ ಸರದಿಗೆ ಎಷ್ಟು ಕೊಟ್ಟರೂ ಕಡಿಮೆ.

ಹಾಗಾದರೆ ಹೋಟೆಲಿನ ಬಗ್ಗೆ ಹೇಗೆ ಬರೆಯಬೇಕು? ರುಚಿ ಬರೆಯಿರಿ, ಬೆಲೆ ಬರೆಯಿರಿ. ಜೊತೆಗೆ ಇನ್ನು ನಾಲ್ಕು ಸಂಗತಿ ಬರೆಯಿರಿ. ಪಂಚೆ ಉಟ್ಟವರು, ಬುರ್ಖಾ ತೊಟ್ಟವರು, ಗಾಲಿಕುರ್ಚಿಯಲ್ಲಿ ಬಂದವರು ಅಲ್ಲಿ ಹೇಗೆ ಬರಮಾಡಿಕೊಳ್ಳಲ್ಪಟ್ಟರು? ಒಂಟಿಯಾಗಿ ಬಂದ ಹೆಣ್ಣುಮಗಳು ಎಷ್ಟು ಹೊತ್ತು ನೆಮ್ಮದಿಯಿಂದ ಕೂರಬಲ್ಲಳು? ಮೇಜು ಒರೆಸುವ ಹುಡುಗ ಕೂತು ಉಣ್ಣುವುದು ಎಲ್ಲಿ, ಅವನು ಉಣ್ಣುವುದು ಅದೇ ಊಟವೇ? ಊಟ ಒಯ್ಯಲು ಬಂದು ಕಾಯುವವನಿಗೆ ನೀರು, ನೆರಳು, ಶೌಚಾಲಯ ಇದೆಯೇ? ಕೊನೆಯ ಪ್ರಶ್ನೆ ಈಗ ಬರೀ ಸೌಜನ್ಯದ್ದಲ್ಲ. ಈ ಕೆಲಸಗಾರರ ಸಾಮಾಜಿಕ ಭದ್ರತೆಗೆ ನಮ್ಮ ರಾಜ್ಯ 2025ರಲ್ಲಿ ಕಾನೂನನ್ನೇ ಮಾಡಿದೆ. ಇಷ್ಟನ್ನು ಬರೆದರೆ ಹೋಟೆಲು ಬರಹ ತೂಕದ ಸಾಹಿತ್ಯವಾಗುತ್ತದೆ. ಬರೆಯುವ ಕೈಗಳು ಹೆಚ್ಚುವುದೂ ಮುಖ್ಯ. ಬಸವನಗುಡಿಯ ಬಗ್ಗೆ ಟ್ಯಾನರಿ ರಸ್ತೆಯ ಹುಡುಗಿ ಬರೆಯಲಿ. ಖಾನಾವಳಿಯ ರೊಟ್ಟಿ ಬಡಿಯುವ ತಾಯಿ ಇಂಗ್ಲಿಷ್ ಹೆಸರಿನ ಕೆಫೆಯ ಕಾಫಿ ಕುಡಿದು ತೀರ್ಪು ಹೇಳಲಿ.

ಓದುಗರಿಗೂ ಒಂದು ಮಾತು. ಮುಂದಿನ ರಜೆಗೆ ಪಟ್ಟಿಯಲ್ಲಿರುವ ಜಾಗಕ್ಕೇ ಹೋಗಿ, ಅಡ್ಡಿಯಿಲ್ಲ. ಆದರೆ ಒಂದು ಸಲವಾದರೂ ನಿಮ್ಮಂಥವರು ಸಾಮಾನ್ಯವಾಗಿ ಹೋಗದ ಹೋಟೆಲಿಗೆ ಹೋಗಿ. ನಿಮ್ಮ ನಿಯಮಕ್ಕೆ ಒಗ್ಗುವುದನ್ನಷ್ಟೇ ತಿನ್ನಿ, ಯಾರೂ ಬಲವಂತ ಮಾಡುವುದಿಲ್ಲ. ಬರೀ ಚಹಾ ಕುಡಿದರೂ ಸಾಕು. ಜಾನ್ಸನ್ ಮಾರ್ಕೆಟ್ಟಿನ ಸುಲೈಮಾನಿಗೂ ಶಂಕರಪುರದ ಕಾಫಿಗೂ ಯಾವ ಶಾಸ್ತ್ರದಲ್ಲೂ ಅಡ್ಡಿಯಿಲ್ಲ. ಪಕ್ಕದ ಕುರ್ಚಿಯವರು ‘ಇಲ್ಲಿ ಯಾರಾದರೂ ಇದ್ದಾರಾ’ ಎಂದು ಕೇಳಿದರೆ ‘ಇಲ್ಲ, ಕೂತ್ಕೊಳ್ಳಿ’ ಎನ್ನಿ, ಸ್ವಲ್ಪ ಸರಿದು ಕೂರಿ. ನಮ್ಮ ಉಸ್ತಾದರು ಹೇಳಿಕೊಟ್ಟದ್ದೂ ಅಷ್ಟೇ, ಸಂವಿಧಾನ ಹೇಳಿದ್ದೂ ಅಷ್ಟೇ.